ಮೂರು ಬೆರಳಿನ ಅಳತೆ: ಎಲೆ-ಅಡಿಕೆ, ಬಾಯಿ ಕ್ಯಾನ್ಸರ್ ಮತ್ತು ಚಿಕಿತ್ಸೆ ಉಳಿಸಿಹೋಗುವ ಗುರುತುಗಳು

ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡಲು ವೈದ್ಯರಿಗೆ ಯಂತ್ರವೇನೂ ಬೇಕಿಲ್ಲ. ರೋಗಿಯು ತನ್ನ ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ಇಟ್ಟುಕೊಂಡರೆ ಸಾಕು. ಆರೋಗ್ಯವಂತರ ಬಾಯಿಯಲ್ಲಿ ಮೂರೂ ಬೆರಳುಗಳು ಸಲೀಸಾಗಿ ಹೋಗುತ್ತವೆ. ವರ್ಷಗಟ್ಟಲೆ ಅಡಿಕೆ ಅಗಿದವರಲ್ಲಿ ಕೆಲವರಿಗೆ ಎರಡೇ ಹೋಗುತ್ತವೆ, ಕೆಲವರಿಗೆ ಒಂದು ಹೋಗುವುದೂ ಕಷ್ಟ. ಬಾಯಿ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಮನೆಗೆ ಹೋದವರನ್ನು ಮರುಭೇಟಿಯಲ್ಲಿ ಪರೀಕ್ಷಿಸುವುದೂ ಇದೇ ಅಳತೆಯಿಂದ. ರೋಗಕ್ಕೆ ಕಾರಣವಾದ ಅಭ್ಯಾಸ ಒಂದು ಅಧ್ಯಾಯ, ಚಿಕಿತ್ಸೆಯ ಪರಿಣಾಮ ಇನ್ನೊಂದು ಅಧ್ಯಾಯ ಎಂದು ಪಠ್ಯಪುಸ್ತಕಗಳು ವಿಂಗಡಿಸುತ್ತವೆಯಾದರೂ ರೋಗಿಯ ಬಾಯಿಯೊಳಗೆ ಅಂತಹ ಗೆರೆಯಿಲ್ಲ. ಅಡಿಕೆ ಬಿಗಿಸಿದ ಅದೇ ಕೆನ್ನೆಯ ಮೇಲೆ ಶಸ್ತ್ರಚಿಕಿತ್ಸಕರ ಚೂರಿಯೂ ವಿಕಿರಣವೂ ಕೆಲಸ ಮಾಡಬೇಕಾಗುತ್ತದೆ.

ಅಗಿಯುವ ಚಟಕ್ಕೂ ಕೆನ್ನೆಯ ಕ್ಯಾನ್ಸರಿಗೂ ಸಂಬಂಧವಿದೆ ಎಂಬ ಮಾತು ದಕ್ಷಿಣ ಭಾರತದಲ್ಲಿ ಹೊಸದಲ್ಲ. 1902ರಲ್ಲೇ ಮದ್ರಾಸಿನ ಶಸ್ತ್ರವೈದ್ಯ ನಿಬ್ಲಾಕ್ ಅದನ್ನು ಬರೆದಿದ್ದರು. 1933ರಲ್ಲಿ ದಕ್ಷಿಣ ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಯ ಅನುಭವವನ್ನು ಆಧರಿಸಿ ಇಯಾನ್ ಆರ್ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಲೇಖನ ಎಲೆ-ಅಡಿಕೆ ಅಗಿಯುವವರ ಬಾಯಿ ಕ್ಯಾನ್ಸರನ್ನು ಜಗತ್ತಿನ ವೈದ್ಯಲೋಕದ ಗಮನಕ್ಕೆ ತಂದಿತು. ಆದರೆ ಒಂದು ಕವಳದಲ್ಲಿ ನಾಲ್ಕು ಪದಾರ್ಥಗಳಿರುತ್ತವೆ: ವೀಳ್ಯದೆಲೆ, ಸುಣ್ಣ, ಅಡಿಕೆ, ಹೊಗೆಸೊಪ್ಪು ಅಥವಾ ಕಡ್ಡಿಪುಡಿ. ಇವುಗಳಲ್ಲಿ ತಪ್ಪಿತಸ್ಥ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಏಳು ದಶಕ ಬೇಕಾದವು.

ಆ ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಕ್ಯಾನ್ಸರಿನಿಂದಲ್ಲ, ತೆರೆಯದ ಬಾಯಿಯಿಂದ. 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯ ಕೀನ್ಯಾದಲ್ಲಿದ್ದ ಭಾರತೀಯ ಮೂಲದ ಐವರು ಮಹಿಳೆಯರಲ್ಲಿ ಕೆನ್ನೆಯ ಒಳಪದರ ಬಿಳಿಚಿಕೊಂಡು ಗಟ್ಟಿಯಾಗಿದ್ದುದನ್ನು ವರ್ಣಿಸಿದರು. ಮರುವರ್ಷ ಮುಂಬಯಿಯ ಕಿವಿ-ಮೂಗು-ಗಂಟಲು ತಜ್ಞ ಜೋಶಿ ಇಂತಹ ಸ್ಥಿತಿಗೆ 'ಸಬ್‌ಮ್ಯೂಕಸ್ ಫೈಬ್ರೋಸಿಸ್' ಎಂಬ ಹೆಸರು ಕೊಟ್ಟರು, ಅದು ಹಾಗೆಯೇ ಉಳಿದುಕೊಂಡಿತು. ಒಳಕೆನ್ನೆಯ ತೆಳುವಾದ ಪದರದ ಕೆಳಗೆ ನಾರಿನಂತಹ ಕೊಲ್ಯಾಜೆನ್ ಅಂಗಾಂಶ ದಟ್ಟವಾಗಿ ಕಟ್ಟಿಕೊಳ್ಳುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಈ ನಾರಿನ ಉತ್ಪತ್ತಿಯನ್ನು ಪ್ರಚೋದಿಸುತ್ತದೆ, ಅಡಿಕೆಯಲ್ಲಿರುವ ತಾಮ್ರದ ಅಂಶವು ನಾರುಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಒಳಗಿನಿಂದ ಬೆರಳಿಟ್ಟು ಮುಟ್ಟಿದರೆ ಮೆತ್ತಗಿರಬೇಕಾದ ಕೆನ್ನೆಯಲ್ಲಿ ಹುರಿಗಟ್ಟಿದ ಹಗ್ಗದಂತಹ ಪಟ್ಟಿಗಳು ಸಿಗುತ್ತವೆ. ಸಾರಿನ ಖಾರ ತಡೆಯಲಾಗದೆ ಬಾಯಿ ಉರಿಯುತ್ತದೆ, ನಾಲಗೆ ಹೊರಚಾಚುವುದಿಲ್ಲ, ಸಿಳ್ಳೆ ಹಾಕಲು ಬರುವುದಿಲ್ಲ. ಚಟ ಬಿಟ್ಟರೂ ಕಟ್ಟಿಕೊಂಡ ನಾರು ಸುಲಭಕ್ಕೆ ಕರಗುವುದಿಲ್ಲ.

1960ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಫಾಲಿ ಮೆಹ್ತಾ ಮತ್ತು ಡೆನ್ಮಾರ್ಕಿನ ಯೆನ್ಸ್ ಪಿಂಡ್‌ಬೋರ್ಗ್ ತಂಡ ಹಳ್ಳಿ ಹಳ್ಳಿಗೆ ಹೋಗಿ 50,915 ಜನರ ಬಾಯಿಯನ್ನು ಪರೀಕ್ಷಿಸಿತು. ಎರ್ನಾಕುಳಂ ಜಿಲ್ಲೆಯಲ್ಲಿ ಇಂತಹ ಬಿಗಿದ ಬಾಯಿಯ 66 ಮಂದಿಯನ್ನು 17 ವರ್ಷ ಹಿಂಬಾಲಿಸಿದಾಗ ಅವರಲ್ಲಿ ಐವರಿಗೆ, ಅಂದರೆ ಶೇ 7.6 ಮಂದಿಗೆ, ಕ್ಯಾನ್ಸರ್ ಬಂದಿತ್ತು. ಸಂಖ್ಯೆ ಚಿಕ್ಕದು, ಆದರೆ ನಡುವೆ ಕೈಬಿಡದೆ ಅಷ್ಟು ವರ್ಷ ಅದೇ ಜನರ ಬಾಗಿಲಿಗೆ ಹೋಗಿ ಬಂದ ಸಂಶೋಧನೆ ನಮ್ಮಲ್ಲಿ ಅಪರೂಪ.

ಬೆಂಗಳೂರಿನ ಪಾಲು ಇದರಲ್ಲಿ ಸಣ್ಣದಲ್ಲ. 1973ರಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸ್ಥಾಪನೆಯಾಯಿತು. 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರುವಾದಾಗ ಮುಂಬಯಿ ಮತ್ತು ಮದ್ರಾಸಿನ ಜೊತೆಗೆ ಬೆಂಗಳೂರಿನಲ್ಲೂ ನಗರದ ಜನಸಂಖ್ಯೆಯನ್ನು ಆಧರಿಸಿದ ನೋಂದಣಿ ಕೇಂದ್ರ ತೆರೆಯಿತು. ಆ ದಾಖಲೆಗಳನ್ನು ಬಳಸಿ ಎ. ನಂದಕುಮಾರ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ಅಧ್ಯಯನ 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ಅದೇ ವಯಸ್ಸಿನ, ಅದೇ ಲಿಂಗದ ಅಷ್ಟೇ ಮಂದಿ ಇತರರೊಡನೆ ಹೋಲಿಸಿತು. ತಂಬಾಕು ಸೇರಿಸಿ ಎಲೆ-ಅಡಿಕೆ ಅಗಿಯುವವರಲ್ಲಿ ಅಪಾಯ ಹಲವು ಪಟ್ಟು ಹೆಚ್ಚಿತ್ತು, ಅದೂ ಗಂಡಸರಿಗಿಂತ ಹೆಂಗಸರಲ್ಲಿ ಇನ್ನೂ ಹೆಚ್ಚು. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ಪ್ರತಿ ಸಲ ಎಷ್ಟು ಹೊತ್ತು ಎಂಬುದರೊಂದಿಗೆ ಅಪಾಯವೂ ಏರುತ್ತಿತ್ತು. ಕವಳವನ್ನು ದವಡೆಯಲ್ಲಿ ಇಟ್ಟುಕೊಂಡೇ ನಿದ್ದೆ ಹೋಗುವವರ ಲೆಕ್ಕವನ್ನೂ ಅವರು ಬೇರೆಯಾಗಿ ತೆಗೆದಿದ್ದರು: ಅಪಾಯ 17.7 ಪಟ್ಟು. ಎಷ್ಟೋ ಅಜ್ಜಿಯಂದಿರ ರಾತ್ರಿಯ ಅಭ್ಯಾಸ ಅದು. ರಾಗಿ ಉಣ್ಣುವವರಲ್ಲಿ ಅಪಾಯ ಕಡಿಮೆ ಕಂಡಿತು ಎಂಬುದೂ ಅದೇ ಅಧ್ಯಯನದ ಮಾತು. ಮುದ್ದೆ ಪ್ರಿಯರಿಗೆ ಇದು ಸಂತೋಷದ ಸುದ್ದಿಯಾದರೂ ಒಂದು ಅಧ್ಯಯನದ ಬಲದ ಮೇಲೆ ಮುದ್ದೆಯನ್ನು ಮದ್ದೆಂದು ಹೇಳಲಾಗದು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸಹಿತ ಎಲೆ-ಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕವೆಂದು ಘೋಷಿಸಿ, ತಂಬಾಕು ರಹಿತವಾದದ್ದರ ಬಗ್ಗೆ ಸಾಕ್ಷ್ಯ ಸಾಲದು ಎಂದಿತ್ತು. ಮಲೆನಾಡು ಮತ್ತು ಕರಾವಳಿಯ ಬೆಳೆಗಾರರು ಇಂದಿಗೂ ಹೇಳುವುದು ಹೆಚ್ಚುಕಡಿಮೆ ಆ ಮಾತನ್ನೇ: ತಪ್ಪು ಹೊಗೆಸೊಪ್ಪಿನದು, ಅಡಿಕೆಯದಲ್ಲ. ಆ ವಾದಕ್ಕೆ ಪೆಟ್ಟು ಕೊಟ್ಟದ್ದು ತೈವಾನ್. ಅಲ್ಲಿನ ಜನ ಎಳೆಯ ಹಸಿ ಅಡಿಕೆಯನ್ನು ಸುಣ್ಣದೊಂದಿಗೆ ಅಗಿಯುತ್ತಾರೆ, ಅದಕ್ಕೆ ತಂಬಾಕು ಬೆರೆಸುವ ರೂಢಿಯೇ ಇಲ್ಲ. ಆದರೂ ಬಾಯಿ ಕ್ಯಾನ್ಸರ್ ಅಲ್ಲಿ ಹೇರಳವಾಗಿತ್ತು, ಸಿಗರೇಟು ಮತ್ತು ಮದ್ಯ ಜೊತೆಗೂಡಿದವರಲ್ಲಂತೂ ಅಪಾಯ ಗುಣಾಕಾರದಲ್ಲಿ ಬೆಳೆಯುತ್ತಿತ್ತು. ಇಂತಹ ಸಾಕ್ಷ್ಯಗಳನ್ನು ಪರಿಶೀಲಿಸಿದ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ತಂಬಾಕು ರಹಿತ ಎಲೆ-ಅಡಿಕೆಯನ್ನೂ ಅಡಿಕೆಯನ್ನೂ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಪಟ್ಟಿಗೆ, ಸೇರಿಸಿತು. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಆ ಗುಂಪು ಸಾಕ್ಷ್ಯದ ಗಟ್ಟಿತನವನ್ನು ಹೇಳುತ್ತದೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ. ಹಬ್ಬದ ಊಟದ ನಂತರ ಒಂದು ತಾಂಬೂಲ ಹಾಕಿಕೊಳ್ಳುವವರನ್ನೂ ದಿನಕ್ಕೆ ಹದಿನೈದು ಪೊಟ್ಟಣ ಖಾಲಿ ಮಾಡುವವರನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಪೊಟ್ಟಣದ ಮಾತು ಬಂದದ್ದರಿಂದ ಹೇಳಬೇಕು: ನಮ್ಮ ಕಾಲದ ರೋಗಿಯನ್ನು ರೂಪಿಸಿದ್ದು ಸಂಚಿಯಲ್ಲ, ಪೊಟ್ಟಣ. ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ ಕವಳ ಕಟ್ಟುವುದಕ್ಕೆ ಪುರುಸೊತ್ತು ಬೇಕು, ಹಿರಿಯರ ಮುಂದೆ ಕೂರುವ ಧೈರ್ಯವೂ ಬೇಕು. 1970ರ ದಶಕದ ನಂತರ ಮಾರುಕಟ್ಟೆಗೆ ಬಂದ ಪಾನ್ ಮಸಾಲಾ ಮತ್ತು ಗುಟ್ಕಾ ಈ ಎರಡು ತಡೆಗಳನ್ನೂ ತೆಗೆದುಹಾಕಿದವು. ಎಲೆ ಮಾಯವಾಯಿತು, ಒಣ ಅಡಿಕೆಯ ಪಾಲು ಹೆಚ್ಚಿತು, ಶಾಲೆಯ ಹುಡುಗನ ಜೇಬಿಗೂ ಅದು ಹಿಡಿಸಿತು. ಹಿಂದೆ ಇಳಿವಯಸ್ಸಿನವರಲ್ಲಿ ಕಾಣುತ್ತಿದ್ದ ಬಿಗಿದ ಬಾಯಿ ಇಪ್ಪತ್ತು-ಮೂವತ್ತರ ಹರೆಯದವರಲ್ಲಿ ಕಾಣತೊಡಗಿತು. ಆಹಾರ ಪದಾರ್ಥಗಳಲ್ಲಿ ತಂಬಾಕು ಅಥವಾ ನಿಕೋಟಿನ್ ಇರಕೂಡದು ಎಂಬ 2011ರ ನಿಯಮದ ಆಧಾರದ ಮೇಲೆ ಕರ್ನಾಟಕ 2013ರ ಮೇ 31ರಂದು ಗುಟ್ಕಾವನ್ನು ನಿಷೇಧಿಸಿತು. ಅದರ ಬೆನ್ನಿಗೇ ಅಂಗಡಿಗಳಲ್ಲಿ ಒಂದೇ ಪೊಟ್ಟಣದ ಜಾಗದಲ್ಲಿ ಎರಡು ಪೊಟ್ಟಣಗಳು ತೂಗಾಡಿದವು, ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಬೆರೆಸುವ ಕೆಲಸ ಕಾರ್ಖಾನೆಯಿಂದ ಗಿರಾಕಿಯ ಅಂಗೈಗೆ ವರ್ಗವಾಯಿತು, ಅಷ್ಟೆ. 2022ರಲ್ಲಿ ಜಗತ್ತಿನಾದ್ಯಂತ ಕಂಡುಬಂದ ಬಾಯಿ ಕ್ಯಾನ್ಸರ್ ಪ್ರಕರಣಗಳ ಪೈಕಿ ಸುಮಾರು 1,20,200ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣವೆಂದೂ ಅದರಲ್ಲಿ 83,400 ಭಾರತದವೆಂದೂ ಲಿಯಾನ್ ಸಂಸ್ಥೆಯ ಸಂಶೋಧಕರು 2024ರಲ್ಲಿ ಅಂದಾಜಿಸಿದ್ದಾರೆ.

ಇನ್ನು ಚಿಕಿತ್ಸೆಯ ಕಡೆಗೆ ಬಂದರೆ, ಅದರ ಚರಿತ್ರೆ ಒಂದು ಅರ್ಥದಲ್ಲಿ ಎಷ್ಟು ಕಡಿಮೆ ಕತ್ತರಿಸಬಹುದು ಎಂಬುದನ್ನು ಕಲಿತ ಚರಿತ್ರೆ. 1906ರಲ್ಲಿ ಅಮೆರಿಕದ ಜಾರ್ಜ್ ಕ್ರೈಲ್ 132 ಶಸ್ತ್ರಚಿಕಿತ್ಸೆಗಳ ಅನುಭವವನ್ನು ವಿವರಿಸಿ, ಬಾಯಿಯ ಕ್ಯಾನ್ಸರ್ ಮೊದಲು ಹರಡುವ ಕುತ್ತಿಗೆಯ ದುಗ್ಧಗ್ರಂಥಿಗಳನ್ನು ಸುತ್ತಲಿನ ಸ್ನಾಯು ಮತ್ತು ರಕ್ತನಾಳಗಳ ಸಮೇತ ಇಡಿಯಾಗಿ ತೆಗೆಯುವ ವಿಧಾನವನ್ನು ಮುಂದಿಟ್ಟರು. ಆ ವಿಧಾನ ಬಳಕೆಗೆ ಬಂದ ರೀತಿಯಲ್ಲಿ ಹೆಗಲನ್ನು ಎತ್ತಿ ಹಿಡಿಯುವ ನರವೂ ಹೋಗುತ್ತಿತ್ತು. ಜೀವ ಉಳಿದರೂ ತೋಳು ಭುಜದಿಂದ ಮೇಲೇಳದು. ಅಟ್ಟದಿಂದ ಡಬ್ಬಿ ಇಳಿಸುವುದು, ತಲೆ ಬಾಚಿ ಜಡೆ ಹಾಕಿಕೊಳ್ಳುವುದು ಅಸಾಧ್ಯ. 1960ರ ದಶಕದಲ್ಲಿ ಅರ್ಜೆಂಟೀನಾದ ಒಸ್ವಾಲ್ಡೊ ಸುವಾರೆಜ್ ತೋರಿಸಿದ ದಾರಿಯಲ್ಲಿ ಇಂದು ಸಾಧ್ಯವಾದಲ್ಲೆಲ್ಲ ಆ ನರವನ್ನು ಉಳಿಸಲಾಗುತ್ತದೆ, ಆದರೂ ಹೆಗಲಿನ ನೋವು ಹಲವರನ್ನು ಬಿಡುವುದಿಲ್ಲ. ಹಾಗಿದ್ದರೆ ಗ್ರಂಥಿಯಲ್ಲಿ ರೋಗ ಕಾಣುವವರೆಗೆ ಕುತ್ತಿಗೆಯನ್ನು ಮುಟ್ಟದೆ ಕಾಯಬಾರದೇಕೆ? ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಅನಿಲ್ ಡಿಕ್ರೂಜ್ ನೇತೃತ್ವದ ತಂಡ ಆರಂಭಿಕ ಹಂತದ ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿತು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೊದಲೇ ಗ್ರಂಥಿಗಳನ್ನು ತೆಗೆದವರಲ್ಲಿ ಮೂರು ವರ್ಷದ ನಂತರ ಶೇ 80 ಮಂದಿ ಬದುಕಿದ್ದರು, ಕಾದು ನೋಡಿದವರಲ್ಲಿ ಶೇ 67.5 ಮಂದಿ. ಹೆಗಲಿನ ನೋವಿಗೆ ಸಿಕ್ಕ ಬೆಲೆ ಅದು.

ಪಾಶ್ಚಾತ್ಯ ದೇಶಗಳಲ್ಲಿ ಬಾಯಿ ಕ್ಯಾನ್ಸರ್ ಎಂದರೆ ಹೆಚ್ಚಾಗಿ ನಾಲಗೆಯದು. ನಮ್ಮಲ್ಲಿ ಕವಳ ಇಡುವ ಜಾಗದಲ್ಲೇ, ಕೆನ್ನೆ ಮತ್ತು ಒಸಡಿನ ನಡುವಿನ ಸಂದಿಯಲ್ಲಿ, ಗಡ್ಡೆ ಹುಟ್ಟುತ್ತದೆ. ಹಾಗಾಗಿ ದವಡೆಯ ಎಲುಬನ್ನೂ ತೆಗೆಯಬೇಕಾದ ಸಂದರ್ಭಗಳು ಇಲ್ಲಿ ಹೆಚ್ಚು. ಕಾಲಿನ ಎಲುಬಿನಿಂದ ದವಡೆಯನ್ನು ಮತ್ತೆ ಕಟ್ಟುವ ತಂತ್ರ 1989ರಿಂದ ಇದೆ, ಆದರೆ ಅದಕ್ಕೆ ಸೂಕ್ಷ್ಮದರ್ಶಕವೂ ದೀರ್ಘ ಸಮಯವೂ ನುರಿತ ತಂಡವೂ ಬೇಕು. ರೋಗಿಗಳು ಸಾಲುಗಟ್ಟಿ ಕಾಯುವ ನಮ್ಮ ಆಸ್ಪತ್ರೆಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಎದೆಯ ಸ್ನಾಯುವನ್ನು ಚರ್ಮದ ಸಮೇತ ಮೇಲಕ್ಕೆ ತಿರುಗಿಸಿ ಬಾಯಿಗೆ ಹೊಲಿಯುವ, 1979ರಲ್ಲಿ ಅರಿಯನ್ ವಿವರಿಸಿದ ವಿಧಾನವನ್ನು. ಅದು ಜೀವ ಕಾಪಾಡುವ ಗಟ್ಟಿ ಕೆಲಸ. ಆದರೆ ಗಂಡಸರಲ್ಲಿ ಎದೆಯ ಚರ್ಮದೊಂದಿಗೆ ಎದೆಯ ಕೂದಲೂ ಬಾಯೊಳಗೆ ಬರುತ್ತದೆ ಮತ್ತು ಅಲ್ಲಿಯೂ ಬೆಳೆಯುತ್ತದೆ ಎಂಬುದನ್ನು ಮುಂಚಿತವಾಗಿ ಕೇಳಿಸಿಕೊಂಡಿರದ ರೋಗಿ ಕನ್ನಡಿಯ ಮುಂದೆ ಬೆಚ್ಚಿಬೀಳುತ್ತಾನೆ.

ಅರಿವಳಿಕೆ ತಜ್ಞರ ಕಷ್ಟ ಇದಕ್ಕೂ ಮುಂಚಿನದು. ಮೂರು ಬೆರಳು ಹೋಗದ ಬಾಯಿಯಲ್ಲಿ ಉಸಿರಿನ ಕೊಳವೆ ಇಳಿಸುವುದು ಹೇಗೆ? ಸಾಮಾನ್ಯವಾಗಿ ರೋಗಿ ಎಚ್ಚರದಲ್ಲಿರುವಾಗಲೇ ಮೂಗಿನ ಮೂಲಕ, ತುದಿಯಲ್ಲಿ ಬೆಳಕಿರುವ ಬಳುಕುವ ನಳಿಕೆಯ ಸಹಾಯದಿಂದ ಅದನ್ನು ಇಳಿಸುತ್ತಾರೆ.

ಶಸ್ತ್ರಚಿಕಿತ್ಸೆಯ ನಂತರ ಬರುವ ವಿಕಿರಣವನ್ನು ನಮ್ಮ ಹಳ್ಳಿಗಳಲ್ಲಿ 'ಕರೆಂಟ್ ಕೊಡೋದು' ಎನ್ನುತ್ತಾರೆ. ವಾರಕ್ಕೆ ಐದು ದಿನದಂತೆ ಆರು ವಾರ. ಎರಡನೆಯ-ಮೂರನೆಯ ವಾರದ ಹೊತ್ತಿಗೆ ಬಾಯಿಯ ಒಳಪದರ ಸುಲಿದು ಹುಣ್ಣಾಗುತ್ತದೆ, ಮೂಗಿನ ನಳಿಕೆಯಲ್ಲಿ ಅಂಬಲಿ ಇಳಿಸಬೇಕಾಗುತ್ತದೆ. ಹುಣ್ಣು ಮಾಯುತ್ತದೆ. ಮಾಯದೆ ಉಳಿಯುವುದು ಜೊಲ್ಲಿನ ಕೊರತೆ: ಒಣ ಬಾಯಿ, ಅನ್ನ ನುಂಗಲು ಪ್ರತಿ ತುತ್ತಿಗೂ ನೀರು, ಜೊಲ್ಲಿನ ರಕ್ಷಣೆ ತಪ್ಪಿದ ಹಲ್ಲುಗಳಲ್ಲಿ ಹುಳುಕು. ಕಿರಣದ ತೀವ್ರತೆಯನ್ನು ಜಾಗದಿಂದ ಜಾಗಕ್ಕೆ ಬದಲಿಸಿ ಜೊಲ್ಲಿನ ಗ್ರಂಥಿಯನ್ನು ತಪ್ಪಿಸುವ ತಂತ್ರವನ್ನು ಬ್ರಿಟನ್ನಿನಲ್ಲಿ ಗಂಟಲಿನ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಿದಾಗ, ವರ್ಷದ ಬಳಿಕ ಒಣ ಬಾಯಿಯಿಂದ ಗಣನೀಯವಾಗಿ ನರಳುವವರು ಶೇ 74ರಿಂದ ಶೇ 38ಕ್ಕೆ ಇಳಿದರೆಂದು 2011ರಲ್ಲಿ ವರದಿಯಾಯಿತು. ವಿಕಿರಣ ಪಡೆದ ದವಡೆಯ ಎಲುಬಿಗೆ ರಕ್ತಸಂಚಾರ ಕುಗ್ಗಿರುತ್ತದೆ. ವರ್ಷಗಳ ನಂತರ ಹಲ್ಲು ಕಿತ್ತರೂ ಆ ಗಾಯ ಮಾಯದೆ ಎಲುಬು ಸಾಯಬಹುದು. ಕೆಟ್ಟ ಹಲ್ಲುಗಳನ್ನು ಚಿಕಿತ್ಸೆಗೆ ಮೊದಲೇ ತೆಗೆಸಿ ಎನ್ನುವುದು, ಊರಿನ ದಂತವೈದ್ಯರ ಬಳಿ ಹೋದಾಗ ವಿಕಿರಣದ ಕಾಗದ ತೋರಿಸಿ ಎನ್ನುವುದು ಇದಕ್ಕಾಗಿ.

ರೋಗ ಮರುಕಳಿಸುವ ಅಪಾಯ ಹೆಚ್ಚಿರುವವರಿಗೆ ವಿಕಿರಣದ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಅದು ಮೂತ್ರಪಿಂಡಕ್ಕೆ ಘಾಸಿ ಮಾಡುವುದರಿಂದ ಲೀಟರುಗಟ್ಟಲೆ ಸಲೈನ್ ಹರಿಸಬೇಕು. ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಬಂದರೆ ಹೇಳಬೇಕು, ಯಾಕೆಂದರೆ ಹೋದ ಶ್ರವಣಶಕ್ತಿ ಮರಳುವುದಿಲ್ಲ. ಈ ತೊಂದರೆಗಳಿಗೆ ಹೆದರಿ ಭಾರತದ ಹಲವೆಡೆ ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಕೊಡುವ ರೂಢಿಯಿತ್ತು. ಟಾಟಾ ಸ್ಮಾರಕದ ವನಿತಾ ನರೊನ್ಹಾ ಮತ್ತು ತಂಡ 2018ರಲ್ಲಿ ಎರಡನ್ನೂ ಹೋಲಿಸಿ ತೋರಿಸಿದ್ದು ಹೀಗೆ: ಎರಡು ವರ್ಷದ ನಂತರ ಬಾಯಿ-ಕುತ್ತಿಗೆಯ ಭಾಗದಲ್ಲಿ ರೋಗ ಹತೋಟಿಯಲ್ಲಿದ್ದದ್ದು ವಾರದ ಪದ್ಧತಿಯಲ್ಲಿ ಶೇ 58.5, ಮೂರು ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಟ್ಟವರಲ್ಲಿ ಶೇ 73.1. ತೀವ್ರ ಅಡ್ಡಪರಿಣಾಮಗಳೂ ಎರಡನೆಯ ಗುಂಪಿನಲ್ಲೇ ಹೆಚ್ಚಿದ್ದವು.

ಹತೋಟಿಗೆ ಬಂದ ಮೇಲೂ ಉಳಿದ ಬಾಯಿ ಹಳೆಯ ಬಾಯಿಯೇ. 1953ರಲ್ಲಿ ಸ್ಲಾಟರ್ ಮತ್ತು ಸಹೋದ್ಯೋಗಿಗಳು 783 ರೋಗಿಗಳ ಅಂಗಾಂಶವನ್ನು ಪರೀಕ್ಷಿಸಿ, ಗಡ್ಡೆಯ ಸುತ್ತ ಕಣ್ಣಿಗೆ ಚೆನ್ನಾಗಿಯೇ ಕಾಣುವ ಪದರವೂ ಕೆಟ್ಟಿರುತ್ತದೆ ಎಂದು ತೋರಿಸಿದ್ದರು. ಒಂದು ಗಿಡ ಕಿತ್ತರೆ ಹೊಲ ಬದಲಾಗುವುದಿಲ್ಲ. ಎಡಗೆನ್ನೆಯ ಕ್ಯಾನ್ಸರ್ ಗುಣವಾದವರಿಗೆ ಬಲಗೆನ್ನೆಯಲ್ಲಿ ಹೊಸದಾಗಿ ಬರುವುದು ಹಾಗಾಗಿ, ಮೊದಲ ಎರಡು ವರ್ಷ ಎರಡು-ಮೂರು ತಿಂಗಳಿಗೊಮ್ಮೆ ಬರಹೇಳುವುದು, ಪ್ರತಿ ಸಲವೂ "ಅಗಿಯೋದು ಬಿಟ್ರಾ?" ಎಂದು ಕೇಳುವುದು ಕೂಡ.

ಆ ಭೇಟಿಗಳಿಗೆ ಬರುವ ಕೆಲವರ ಚೀಲದಲ್ಲಿ ಐಸ್‌ಕ್ರೀಮ್ ಕಡ್ಡಿಗಳ ಕಟ್ಟೊಂದಿರುತ್ತದೆ. ಅಡಿಕೆಯ ನಾರು, ಹೊಲಿಗೆಯ ಕಲೆ, ವಿಕಿರಣದ ಬಿಗಿತ ಮೂರೂ ಸೇರಿ ಮುಚ್ಚಿಸುವ ಬಾಯನ್ನು ತೆರೆದಿಡಲು ಅದಕ್ಕಿಂತ ಅಗ್ಗದ ಸಾಧನವಿಲ್ಲ. ಹಲ್ಲುಗಳ ನಡುವೆ ಹಿಡಿಸುವಷ್ಟು ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು, ಸ್ವಲ್ಪ ಹೊತ್ತು ಹಾಗೆಯೇ ಹಿಡಿದು, ನಡುವೆ ಇನ್ನೊಂದನ್ನು ತೂರಿಸಬೇಕು. ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ. ಒಂದು ಕಡ್ಡಿಯ ದಪ್ಪ ಸುಮಾರು ಎರಡು ಮಿಲಿಮೀಟರ್. ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಬಿಗಿತವೆಂದೇ ಲೆಕ್ಕ, ಅಂದರೆ ಹದಿನೇಳು-ಹದಿನೆಂಟು ಕಡ್ಡಿ. ಹೋದ ಸಲ ಒಂಬತ್ತಿತ್ತು, ಈ ಸಲ ಹನ್ನೊಂದು ಎಂದು ಹೇಳಿಕೊಳ್ಳುವಾಗ ಮಾತು ಇನ್ನೂ ತೊದಲುತ್ತಿರುತ್ತದೆ, ಆದರೆ ಲೆಕ್ಕ ತಪ್ಪಿರುವುದಿಲ್ಲ.