ಆಕ್ಟೇನ್ ಅಂದ್ರೆ ತಡ್ಕೊಳ್ಳೋದು

ನಿನ್ನೆ ರಾತ್ರಿ ಮ್ಯಾಚ್ ನೋಡ್ತಿದ್ದೆ, ಕಾಮೆಂಟ್ರಿಯಲ್ಲಿ ನಾಲ್ಕನೇ ಸಲ "ಹೈ ಆಕ್ಟೇನ್ ಪಂದ್ಯ" ಅಂದ್ರು, ಅಂದ್ರೆ ಭಾರೀ ಜೋರಿನ ಪಂದ್ಯ ಅಂತ. ಬೆಳಗ್ಗೆ ಬಂಕಲ್ಲಿ ಇನ್ನೊಂದು ಆಗಿತ್ತು. ಒಬ್ಬ ಹುಡುಗ ಸ್ಪ್ಲೆಂಡರಿಗೆ 100 ಆಕ್ಟೇನ್ ಪೆಟ್ರೋಲ್ ಹಾಕಿಸ್ಕೊಂಡು ಹಿಂದೆ ಕೂತವನಿಗೆ "ಆಕ್ಟೇನ್ ಜಾಸ್ತಿ ಮಗಾ, ಈಗ ನೋಡು ಹೆಂಗೆ ಕಿತ್ಕೊಂಡು ಹೋಗುತ್ತೆ" ಅಂತಿದ್ದ. ಒಂದೇ ದಿನ ಎರಡು ಸಲ, ಸುಮ್ನೆ ಇರಕ್ಕಾಗ್ಲಿಲ್ಲ.

ಆಕ್ಟೇನ್ ನಂಬರಿಗೂ ಪೆಟ್ರೋಲಲ್ಲಿರೋ ಶಕ್ತಿಗೂ ಸಂಬಂಧ ಇಲ್ಲ. ಹಿಂಡಿದಾಗ ತಾನಾಗೇ ಹೊತ್ಕೊಳ್ದೆ ಎಷ್ಟು ತಡ್ಕೊಳ್ಳುತ್ತೆ ಅನ್ನೋದನ್ನ ಹೇಳೋ ನಂಬರ್ ಅದು. ಸೈಕಲ್ ಪಂಪ್ ಹೊಡೆದ್ರೆ ತಳ ಬಿಸಿ ಆಗುತ್ತಲ್ಲ, ಪಿಸ್ಟನ್ ಮೇಲೆ ಬಂದಾಗ ಸಿಲಿಂಡರ್ ಒಳಗೂ ಅದೇ ಕತೆ, ಪ್ಲಗ್ಗು ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಹರಡ್ಕೊಂಡು ಬರಬೇಕು, ಆದ್ರೆ ಆ ಕಡೆ ಮೂಲೆಯಲ್ಲಿರೋ ಪೆಟ್ರೋಲು ಗಾಳಿ ಅಷ್ಟರವರೆಗೆ ಕಾಯಕ್ಕಾಗದೆ ತಾನೇ ಸಿಡಿದುಬಿಟ್ರೆ ಅದಕ್ಕೆ ನಾಕಿಂಗ್ ಅನ್ನೋದು. ಘಾಟಿ ಹತ್ತುವಾಗ ಗೇರ್ ಇಳಿಸ್ದೆ ಎಳೆದ್ರೆ ಕಟಕಟ ಅನ್ನುತ್ತಲ್ಲ, ಅದು. ವಾಲ್ವ್ ತಳ್ಳೋ ಟ್ಯಾಪೆಟ್ಟಿನ ಸೌಂಡ್ ಬೇರೆ, ಅದು ಸಿಗ್ನಲ್ಲಲ್ಲಿ ನಿಂತಿದ್ರೂ ಬರುತ್ತೆ, ದಯವಿಟ್ಟು ಎರಡನ್ನೂ ಒಂದೇ ಮಾಡಬೇಡಿ.

ಅಂದ್ರೆ ಆ ಕಾಮೆಂಟ್ರಿಯವರ ಲೆಕ್ಕ ಪೂರ್ತಿ ಉಲ್ಟಾ. ನಿಜವಾದ ಹೈ ಆಕ್ಟೇನ್ ಬ್ಯಾಟಿಂಗ್ ಅಂದ್ರೆ ರಾಹುಲ್ ದ್ರಾವಿಡ್ ಅವರದು: ಎಷ್ಟು ಒತ್ತಿದ್ರೂ ಹೊತ್ಕೊಳ್ಳಲ್ಲ.

ಪದ ಎಲ್ಲಿಂದ ಬಂತು ಅನ್ನೋದು ಇನ್ನೂ ಮಜವಾಗಿದೆ. ಗ್ರೀಕಲ್ಲಿ ಒಕ್ಟೊ ಅಂದ್ರೆ ಎಂಟು, ಆಕ್ಟೋಪಸ್ಸಲ್ಲಿರೋದೂ ಅದೇ. ಸಂಸ್ಕೃತದ ಅಷ್ಟ ಇದರ ದಾಯಾದಿ. ನಮ್ಮ ಎಂಟು ದ್ರಾವಿಡ ಭಾಷೆಗಳದ್ದು, ಅದಕ್ಕೂ ಇದಕ್ಕೂ ನಂಟಿಲ್ಲ. ಆಕ್ಟೇನ್ ಒಂದು ರಾಸಾಯನಿಕ, ಎಂಟು ಇಂಗಾಲದ ಸರಪಳಿ ಇರೋದ್ರಿಂದ ಆ ಹೆಸರು. ಇಲ್ಲಿವರೆಗೆ ಸರಿ. ಆದ್ರೆ ಎಂಟು ಇಂಗಾಲ ನೆಟ್ಟಗೆ ಸಾಲಾಗಿ ನಿಂತಿರೋ ಅಸಲಿ ಆಕ್ಟೇನ್ ತಗೊಂಡು ಪರೀಕ್ಷೆ ಮಾಡಿದ್ರೆ ಅದರ ಆಕ್ಟೇನ್ ನಂಬರ್ ಸೊನ್ನೆಗಿಂತ ಕೆಳಗೆ ಬರುತ್ತೆ! 100 ಮಾರ್ಕ್ಸ್ ಕೊಟ್ಟಿರೋದು ಅದರ ತಮ್ಮ ಐಸೋ ಆಕ್ಟೇನಿಗೆ, ಅದರಲ್ಲೂ ಇಂಗಾಲ ಎಂಟೇ, ಆದ್ರೆ ಐದರದ್ದು ಕಾಂಡ, ಮಿಕ್ಕಿದ ಮೂರು ಕೊಂಬೆ, ಹಂಗಾಗಿ ರಸಾಯನಶಾಸ್ತ್ರದವರು ಅದನ್ನ ಟ್ರೈಮೀಥೈಲ್ ಪೆಂಟೇನ್ ಅಂತಾರೆ. ಪೆಂಟ ಅಂದ್ರೆ ಪಂಚ. ಇನ್ನು ಸೊನ್ನೆ ಮಾರ್ಕ್ಸ್ ಸಿಕ್ಕಿದ್ದು ಏಳು ಇಂಗಾಲದ ಹೆಪ್ಟೇನಿಗೆ. ಹೆಪ್ಟ ಅಂದ್ರೆ ಸಪ್ತ, ಗ್ರೀಕರು ಪದದ ಮೊದಲಲ್ಲಿರೋ ಸಕಾರನ ಹಕಾರ ಮಾಡ್ಕೊಂಡ್ರು, ನಾವು ಪಾಲನ್ನ ಹಾಲು ಮಾಡ್ಕೊಂಡ ಹಾಗೆ. ಶುದ್ಧ ಹೆಪ್ಟೇನ್ ಸಿಗ್ತಿದ್ದಿದ್ದು ಕ್ಯಾಲಿಫೋರ್ನಿಯಾ ಕಡೆ ಬೆಳೆಯೋ ಜೆಫ್ರಿ ಪೈನ್ ಅನ್ನೋ ಮರದ ಅಂಟಿಂದ. ಅಲ್ಲಿಗೆ ಅಷ್ಟದ ಹೆಸರಲ್ಲಿ ಪಂಚನ್ನ ಮೇಲೆ ಕೂರಿಸಿ ಸಪ್ತನ್ನ ಕೆಳಗೆ ಕೂರಿಸಿ ಮಾಡಿದ ಅಳತೆ ಇದು, 1920ರ ದಶಕದ್ದು.

ಪೆಟ್ರೋಲಿಗೆ 91 ನಂಬರ್ ಅಂದ್ರೆ, 91 ಭಾಗ ಐಸೋ ಆಕ್ಟೇನ್ 9 ಭಾಗ ಹೆಪ್ಟೇನ್ ಬೆರೆಸಿದ್ರೆ ಎಷ್ಟು ತಡ್ಕೊಳ್ಳುತ್ತೋ ಈ ಪೆಟ್ರೋಲೂ ಅಷ್ಟು ತಡ್ಕೊಳ್ಳುತ್ತೆ ಅಂತ. ಅದರೊಳಗೆ ಆಕ್ಟೇನ್ ಅಷ್ಟಿದೆ ಅಂತಲ್ಲ. ಆಕ್ಟೇನ್ ಅನ್ನೋದು ಮೇಲಿಂದ ಸುರಿಯೋ ಟಾನಿಕ್ಕೂ ಅಲ್ಲ, ತಡ್ಕೊಳ್ಳೋ ಗುಣನ ಬೇರೆ ಬೇರೆ ಪದಾರ್ಥ ಬೆರೆಸಿನೂ ಬರಿಸಬಹುದು. 1921ರಲ್ಲಿ ಅಮೆರಿಕದ ಎಂಜಿನಿಯರ್ ಥಾಮಸ್ ಮಿಡ್ಗ್ಲಿ ಸೀಸದ (ಲೆಡ್) ಸಂಯುಕ್ತ ಬೆರೆಸಿ ಬರಿಸಿದ್ರು, ಆ ವಿಷನ ನಮ್ಮ ದೇಶದ ಬಂಕುಗಳಿಂದ ಪೂರ್ತಿ ಓಡಿಸೋ ಹೊತ್ತಿಗೆ 2000 ಇಸವಿ ಆಯ್ತು.

ಅಮೆರಿಕದಲ್ಲಿರೋ ನೆಂಟರು ಫೋನಲ್ಲಿ "ಇಲ್ಲಿ 87, ನಿಮ್ಮಲ್ಲಿ 91, ನಿಮ್ದೇ ಒಳ್ಳೇದು" ಅಂತಿದ್ರು. ಅಲ್ಲಿ ಎರಡು ಥರ ಪರೀಕ್ಷೆ ಮಾಡಿ ಸರಾಸರಿ ಬರೀತಾರೆ, ಇಲ್ಲಿ ಜಾಸ್ತಿ ನಂಬರ್ ಬರೋ ಒಂದು ಪರೀಕ್ಷೆದು ಮಾತ್ರ ಬರೀತಾರೆ. ಅವರ 87ಉ ನಮ್ಮ ಆಗಿನ 91ಉ ಹೆಚ್ಚುಕಮ್ಮಿ ಒಂದೇ.

ಇನ್ನೂ ಆಕ್ಟೇನ್ ಅಂದ್ರೆ ಪವರ್ರೇ ಅನ್ನೋರು ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿರೋ ಪೆಟ್ರೋಲ್ ನೋಡಲಿ. ಎಥನಾಲ್ ಆಕ್ಟೇನ್ 100ರ ಮೇಲೆ, ಹಂಗಾಗಿ ಬೆರೆಸಿದ ಮೇಲೆ ಮಾಮೂಲಿ ಪೆಟ್ರೋಲಿನ ನಂಬರೂ 91ರಿಂದ 95ಕ್ಕೆ ಏರ್ತು. ಇವರ ಲೆಕ್ಕದಲ್ಲಿ ಗಾಡಿಗಳೆಲ್ಲ ಹಾರಬೇಕಿತ್ತು, ಆದ್ರೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ದಿನಾ ಮೈಲೇಜ್ ಬಿತ್ತು ಅಂತ ಅಳು. ಯಾಕಂದ್ರೆ ಒಂದು ಲೀಟರ್ ಎಥನಾಲಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಐದನೇ ಒಂದು ಭಾಗ ಬೆರೆಸಿದ್ರೆ ಲೀಟರಿಗೆ ಆರೇಳು ಪರ್ಸೆಂಟ್ ಶಕ್ತಿ ಹೋಯ್ತು. ಆಕ್ಟೇನ್ ಮೇಲೆ, ಶಕ್ತಿ ಕೆಳಗೆ, ಒಂದೇ ಟ್ಯಾಂಕಲ್ಲಿ.

ಹಂಗಾದ್ರೆ ದುಬಾರಿ ಪೆಟ್ರೋಲ್ ದಂಡನಾ? ಎಂಜಿನ್ ಕೇಳಿದ್ರೆ ಅಲ್ಲ. ಜಾಸ್ತಿ ಹಿಂಡಿದಷ್ಟೂ ಅದೇ ಪೆಟ್ರೋಲಿಂದ ಜಾಸ್ತಿ ಕೆಲಸ ತೆಗೀಬಹುದು, ಡ್ಯೂಕ್ 390 ಥರದ ಬೈಕು ಹನ್ನೆರಡು ಪಟ್ಟಿಗೂ ಮೇಲೆ ಹಿಂಡುತ್ತೆ, ಟರ್ಬೊ ಕಾರು ಗಾಳಿನ ಮೊದಲೇ ಹಿಂಡಿ ಒಳಗೆ ಕಳಿಸುತ್ತೆ, ಇವಕ್ಕೆ ತಡ್ಕೊಳ್ಳೋ ಪೆಟ್ರೋಲ್ ಬೇಕು. ನಾಕ್ ಸೆನ್ಸರ್ ಇರೋ ಗಾಡಿಗೆ ಕಮ್ಮಿ ಆಕ್ಟೇನ್ ಹಾಕಿದ್ರೆ ಅದು ಕಟಕಟ ಕೇಳಿಸ್ಕೊಂಡು ಕಿಡಿ ಕೊಡೋದನ್ನ ಸ್ವಲ್ಪ ತಡ ಮಾಡ್ಕೊಳ್ಳುತ್ತೆ, ಆಗ ಎಳೆತ ಬೀಳುತ್ತೆ, ಒಳ್ಳೇದು ಹಾಕಿದ್ರೆ ವಾಪಸ್ ಬರುತ್ತೆ. ಜನಕ್ಕೆ ಪವರ್ ಬಂತು ಅನ್ಸೋದು ಇಲ್ಲೇ, ಪವರ್ ಎಂಜಿನ್ದು, ಪೆಟ್ರೋಲು ಅಡ್ಡ ಬರ್ಲಿಲ್ಲ ಅಷ್ಟೆ. ಹತ್ತು ಪಟ್ಟು ಹಿಂಡೋ, ಸೆನ್ಸರ್ ಇಲ್ಲದ ಸ್ಪ್ಲೆಂಡರಿಗೆ 100 ಹಾಕೋದು ಅಂದ್ರೆ ಯಾರೂ ಬೈಯದ ಮನೇಲಿ ತಾಳ್ಮೆ ತೋರಿಸಿದಂಗೆ. ಕಂಪನಿಯವರೇ ಸ್ಪೀಡ್, ಪವರ್ ಅಂತ ಹೆಸರಿಟ್ಟು ಮಾರೋವಾಗ ಆ ಹುಡುಗನ್ನ ಬೈದು ಏನು ಪ್ರಯೋಜನ, ಅದೂ ನಿಜ.

ಆಮೇಲೆ ದಯವಿಟ್ಟು ಲಾರಿ ವಿಷಯಕ್ಕೆ ಆಕ್ಟೇನ್ ತರಬೇಡಿ. ಡೀಸೆಲ್ ಎಂಜಿನ್ನಲ್ಲಿ ಕಿಡಿ ಕೊಡೋ ಪ್ಲಗ್ಗೇ ಇಲ್ಲ, ಹಿಂಡಿದ ಬಿಸಿಗೆ ಡೀಸೆಲ್ ತಾನಾಗೇ ತಟಕ್ಕನೆ ಹೊತ್ಕೋಬೇಕು, ಅಲ್ಲಿ ಮಾರ್ಕ್ಸ್ ಕೊಡೋದು ಆತುರಕ್ಕೆ, ಅದರ ಹೆಸರು ಸೀಟೇನ್. ಈಗಿನ ಹೊಗೆ ನಿಯಮ ಬಿಎಸ್ 6ರ ಡೀಸೆಲಲ್ಲಿ ಕನಿಷ್ಠ 51 ಇರಬೇಕು. ಲ್ಯಾಟಿನಲ್ಲಿ ಸೀಟಸ್ ಅಂದ್ರೆ ತಿಮಿಂಗಿಲ, ಆ ವಂಶದ ರಾಸಾಯನಿಕನ ಮೊದಲು ತೆಗೆದಿದ್ದು ತಿಮಿಂಗಿಲದ ಕೊಬ್ಬಿಂದ, ಹೆಸರು ಹಂಗೇ ಉಳ್ಕೊಂತು. ಆಕ್ಟೇನ್ ಜಾಸ್ತಿ ಇದ್ದಷ್ಟೂ ಸೀಟೇನ್ ಕಮ್ಮಿ. ಬಂಕಲ್ಲಿ ಅಪ್ಪಿತಪ್ಪಿ ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿದ್ರೆ ಅದು ಹೊತ್ಕೊಳ್ಳೋ ಹೊತ್ತಿಗೆ ಹೊತ್ಕೊಳ್ಳಲ್ಲ, ಜೊತೆಗೆ ಡೀಸೆಲ್ಲಿನ ಜಿಡ್ಡನ್ನೇ ನಂಬ್ಕೊಂಡಿರೋ ಇಂಧನ ಪಂಪು ಒಣಗಿ ಸವೆಯುತ್ತೆ. ಹಾಗಾದ್ರೆ ಕೀ ತಿರುಗಿಸಲೇಬೇಡಿ, ತಳ್ಕೊಂಡು ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸಿ.