ರಕ್ತದಲ್ಲಿ ಮೈನಸ್ ಔಷಧಿ

ಕಂಪ್ಯೂಟರ್‌ನಲ್ಲಿ ಗಣಿತದ ಮಾಡೆಲ್ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ದಿನ ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಹತ್ತಿರ ಬಂದ. ರಕ್ತಕ್ಕೆ ಚುಚ್ಚಿದ ಔಷಧಿ ಹೊತ್ತು ಕಳೆದಂತೆ ಹೇಗೆ ಇಳಿಯುತ್ತದೆ ಎಂಬ ಸಣ್ಣ ಮಾಡೆಲ್ ಅದು. "ಸರ್, ಮೊದಲು ಮೈನಸ್ ಬರ್ತಿತ್ತು. ಸೊನ್ನೆಗಿಂತ ಕೆಳಗೆ ಹೋದ್ರೆ ಸೊನ್ನೆ ಅಂತ ಒಂದು ಸಾಲು ಸೇರಿಸಿದೆ. ಈಗ ಸರಿಹೋಗಿದೆ" ಅಂದ.

ಗ್ರಾಫ್ ನೋಡೋಕೆ ಚೆನ್ನಾಗೇ ಇತ್ತು. 100ರಿಂದ ಶುರು, ಒಂದೇ ಗಂಟೆಯಲ್ಲಿ ಸೊನ್ನೆ. ಆದರೆ ಆ ಹೊತ್ತಿಗೆ ರಕ್ತದಲ್ಲಿ ಇನ್ನೂ 13.5ರಷ್ಟು ಔಷಧಿ ಉಳಿದಿರಬೇಕಿತ್ತು. ಜ್ವರ ಇಳಿಸುವ ಬದಲು ಥರ್ಮಾಮೀಟರ್ ಮುರಿದ ಹಾಗಾಯಿತು, ಅಲ್ವಾ?

ತಪ್ಪು ಇದ್ದದ್ದು ಹೆಜ್ಜೆಯಲ್ಲಿ, ಅಂದರೆ ಲೆಕ್ಕ ಒಂದು ಸಲಕ್ಕೆ ಎಷ್ಟು ಹೊತ್ತು ಮುಂದಕ್ಕೆ ಹೋಗುತ್ತದೆ ಅನ್ನುವುದರಲ್ಲಿ. ತೀರಾ ಸರಳವಾದ ಆಯ್ಲರ್ ವಿಧಾನ ಮಾಡುವುದು ಇಷ್ಟೇ: ಈಗ ಎಷ್ಟಿದೆ, ಯಾವ ವೇಗದಲ್ಲಿ ಬದಲಾಗುತ್ತಿದೆ ಅಂತ ನೋಡುತ್ತದೆ, ಅದೇ ವೇಗದಲ್ಲಿ ಒಂದು ಹೆಜ್ಜೆ ಮುಂದಿಡುತ್ತದೆ. ಮತ್ತೆ ನೋಡುತ್ತದೆ, ಮತ್ತೆ ಹೆಜ್ಜೆ. ಕಾದ ಮೋಟರ್ ತಣ್ಣಗಾಗುವುದಿರಲಿ, ಕೆಪಾಸಿಟರ್ ಖಾಲಿಯಾಗುವುದಿರಲಿ, ಔಷಧಿ ಇಳಿಯುವುದಿರಲಿ, ಮೂರಕ್ಕೂ ಸಮೀಕರಣ ಒಂದೇ. ಇದ್ದದ್ದು ಜಾಸ್ತಿಯಾದಷ್ಟೂ ಇಳಿಯುವ ವೇಗವೂ ಜಾಸ್ತಿ.

ಅವನ ಮಾಡೆಲ್‌ನಲ್ಲಿ ಇಳಿಕೆಯ ದರ ಗಂಟೆಗೆ 2 ಇತ್ತು, ಆ ಕ್ಷಣಕ್ಕೆ ಎಷ್ಟಿದೆಯೋ ಅದರ ಎರಡು ಪಟ್ಟು ವೇಗ. ಅಂದರೆ ಸುಮಾರು 21 ನಿಮಿಷಕ್ಕೆ ಔಷಧಿ ಅರ್ಧವಾಗುತ್ತದೆ. ಇವನು ಇಟ್ಟ ಹೆಜ್ಜೆ ಒಂದು ಗಂಟೆಯದು. 100 ಇದ್ದಾಗ ಗಂಟೆಗೆ 200ರ ವೇಗದಲ್ಲಿ ಇಳಿಯುತ್ತಿದೆ. ಇಡೀ ಗಂಟೆ ಅದೇ ವೇಗ ಅಂದುಕೊಂಡರೆ ಕೊನೆಗೆ ಮೈನಸ್ 100! ಮುಂದಿನ ಗಂಟೆಗೆ ಮತ್ತೆ 100, ಆಮೇಲೆ ಮತ್ತೆ ಮೈನಸ್ 100. ಹೆಜ್ಜೆಯನ್ನು ಒಂದೂವರೆ ಗಂಟೆ ಮಾಡಿದರೆ ಇನ್ನೂ ಮಜಾ: ಮೈನಸ್ 200, 400, ಮೈನಸ್ 800. ಕಾಲು ಗಂಟೆಗೆ ಇಳಿಸಿದರೆ ಮೈನಸ್ ಮಾಯ, ಆದರೆ ಒಂದು ಗಂಟೆಯ ಹೊತ್ತಿಗೆ ಸಿಗುವುದು 6.25. ಮೈನಸ್ ಇಲ್ಲದ ಮಾತ್ರಕ್ಕೆ ಉತ್ತರ ಸರಿ ಅಂತೇನೂ ಅಲ್ಲ. ಗಂಟೆಯನ್ನು ನೂರು ಹೆಜ್ಜೆ ಮಾಡಿದಾಗ 13.3 ಬಂತು.

ಹಾಗಾಗಿ ನನ್ನದೊಂದು ಚಟ ಇದೆ. ಯಾರ ಮಾಡೆಲ್ ಬಂದರೂ ಮೊದಲು ಹೆಜ್ಜೆಯನ್ನು ಅರ್ಧ ಮಾಡಿ ಇನ್ನೊಮ್ಮೆ ಓಡಿಸುತ್ತೇನೆ. ಉತ್ತರ ಅಲುಗಾಡಿದರೆ ಗ್ರಾಫ್ ಮುಚ್ಚಿಡುತ್ತೇನೆ.

1952ರಲ್ಲಿ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ನರದ ಸಂಕೇತಕ್ಕೆ ಮಾಡೆಲ್ ಬರೆದಾಗ, ಹಕ್ಸ್‌ಲಿ ಅದರ ಲೆಕ್ಕವನ್ನು ಕೈಯಿಂದ ತಿರುಗಿಸುವ ಯಂತ್ರದಲ್ಲಿ ಮಾಡಿದರು. ಒಂದೊಂದು ಹೆಜ್ಜೆಗೂ ತೋಳು ನೋಯುತ್ತಿದ್ದರೆ ಹೆಜ್ಜೆ ಎಷ್ಟಿರಬೇಕು ಅನ್ನುವುದು ತಾನಾಗಿಯೇ ನೆನಪಿರುತ್ತದೆ. ನಮಗೆ ಒಂದು ಬಟನ್ ಒತ್ತಿದರೆ ಸಾಕು, ಮರೆತೇಹೋಗುತ್ತದೆ.

ಎಂಜಿನಿಯರ್‌ಗಳಿಗೆ ಈ ಹೆಜ್ಜೆ ಸಮಯದಲ್ಲಷ್ಟೇ ಅಲ್ಲ, ಜಾಗದಲ್ಲೂ ಕಾಡುತ್ತದೆ. ಕಾಂಕ್ರೀಟ್ ಗೋಡೆಯನ್ನು ಸಣ್ಣ ಸಣ್ಣ ತುಂಡು ಮಾಡಿ ಲೆಕ್ಕ ಹಾಕುವಾಗ ತುಂಡು ದೊಡ್ಡದಾದರೆ, ಒತ್ತಡ ಎಲ್ಲಿ ಜಾಸ್ತಿಯೋ ಅದೇ ಜಾಗ ಕಣ್ತಪ್ಪುತ್ತದೆ. ನಾರ್ವೆಯ ಸ್ಲೈಪ್ನರ್ ಎ ತೈಲ ವೇದಿಕೆಯ ಕಾಂಕ್ರೀಟ್ ತಳ 1991ರ ಆಗಸ್ಟ್ 23ರಂದು ಪರೀಕ್ಷೆಯ ವೇಳೆ ಮುಳುಗಿದ್ದರ ಹಿಂದೆ ಇದೂ ಇತ್ತು. ಜಾಲರಿ (ಲೆಕ್ಕಕ್ಕೆ ಮಾಡಿದ ತುಂಡುಗಳ ಜೋಡಣೆ) ಒರಟಾಗಿದ್ದರಿಂದ ಗೋಡೆಗಳ ಮೇಲಿನ ಕತ್ತರಿ ಒತ್ತಡ (ಪಕ್ಕಕ್ಕೆ ಜಾರಿಸಿ ಸೀಳುವ ಒತ್ತಡ) ಶೇ 47ರಷ್ಟು ಕಡಿಮೆ ಲೆಕ್ಕವಾಗಿತ್ತು. ಜೊತೆಗೆ ಸಾಲದಷ್ಟು ಕಬ್ಬಿಣ. ಸದ್ಯ, ಯಾರ ಜೀವವೂ ಹೋಗಲಿಲ್ಲ.

"ಈಗಿನ ಸಾಫ್ಟ್‌ವೇರ್ ಹೆಜ್ಜೆಯನ್ನು ತಾನೇ ಆರಿಸಿಕೊಳ್ಳುತ್ತಲ್ಲ ಸರ್?" ಅಂತ ಹುಡುಗ ಕೇಳಿದ. ಹೌದು. ವೇಗ ಜಾಸ್ತಿ ಇದ್ದಲ್ಲಿ ಹೆಜ್ಜೆ ಚಿಕ್ಕದು, ನಿಧಾನ ಇದ್ದಲ್ಲಿ ದೊಡ್ಡದು. ಆದರೆ ಎಷ್ಟು ತಪ್ಪಿದರೆ ಪರವಾಗಿಲ್ಲ ಅಂತ ನಾವೇ ಹೇಳಬೇಕು. ಅದೇ ಟಾಲರೆನ್ಸ್. ಮ್ಯಾಟ್‌ಲ್ಯಾಬ್ ಎಂಬ ಸಾಫ್ಟ್‌ವೇರಿನಲ್ಲಿ ಇಂಥ ಲೆಕ್ಕ ಮಾಡುವ ಓಡಿಇ45ಕ್ಕೆ ನಾವು ಏನೂ ಹೇಳದಿದ್ದರೆ ರಿಲೇಟಿವ್ ಟಾಲರೆನ್ಸ್ (ಇದ್ದದ್ದರ ಎಷ್ಟು ಪಾಲು ತಪ್ಪಬಹುದು) ಸಾವಿರದಲ್ಲಿ ಒಂದು, ಆಬ್ಸಲ್ಯೂಟ್ ಟಾಲರೆನ್ಸ್ (ಇದ್ದದ್ದು ಎಷ್ಟೇ ಚಿಕ್ಕದಿರಲಿ ಎಷ್ಟು ತಪ್ಪಬಹುದು) 0.000001, ಅಂದರೆ ಹತ್ತು ಲಕ್ಷದಲ್ಲಿ ಒಂದು. ಮೋಟರ್ ವೇಗಕ್ಕೆ, ನೀರಿನ ಟ್ಯಾಂಕಿಗೆ ಇದು ಸಾಮಾನ್ಯವಾಗಿ ಸಾಕು.

ಜೀವವಿಜ್ಞಾನದವರು ಮುಗ್ಗರಿಸುವುದು ಇಲ್ಲೇ. ಉಪವಾಸದಲ್ಲಿರುವಾಗ ರಕ್ತದಲ್ಲಿ ಇನ್ಸುಲಿನ್ ಇರುವುದು ಲೀಟರಿಗೆ ಕೆಲವು ಹತ್ತು ಪಿಕೋಮೋಲ್ (ಮೋಲ್ ಅನ್ನುವುದು ಅಣುಗಳನ್ನು ಎಣಿಸುವ ಅಳತೆ, ಅದರ ಲಕ್ಷ ಕೋಟಿಯಲ್ಲಿ ಒಂದು ಪಾಲು ಪಿಕೋಮೋಲ್). ಇದನ್ನೇ ಮೋಲ್ ಲೆಕ್ಕದಲ್ಲಿ ಬರೆದರೆ ದಶಾಂಶ ಬಿಂದುವಿನ ನಂತರ ಹತ್ತು ಸೊನ್ನೆ. ಹತ್ತು ಲಕ್ಷದಲ್ಲಿ ಒಂದರಷ್ಟು ತಪ್ಪಿದರೂ ಪರವಾಗಿಲ್ಲ ಅಂತ ಹೇಳಿಸಿಕೊಂಡ ಸಾಫ್ಟ್‌ವೇರಿಗೆ ಅಲ್ಲಿ ಇನ್ಸುಲಿನ್ ಅನ್ನೋದೇ ಇಲ್ಲ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಚ್ಚರಿಕೆಯ ಮಾತೂ ಬರುವುದಿಲ್ಲ. ನಾನಂತೂ ಇಂಥ ಕಡೆ ಮಾಡೆಲನ್ನು ಪಿಕೋಮೋಲ್‌ನಲ್ಲೇ ಬರೆಯುತ್ತೇನೆ. ಟಾಲರೆನ್ಸ್ ಬದಲಿಸಿದರೂ ನಡೆಯುತ್ತದೆ. ಆದರೆ ಆರು ತಿಂಗಳ ನಂತರ ಆ ಫೈಲ್ ತೆರೆಯುವವನಿಗೆ ಅದು ಯಾಕೆ ಅಂತ ಗೊತ್ತಾಗುವುದಿಲ್ಲ.

ಹುಡುಗ ಆ ಸೊನ್ನೆಯ ಸಾಲು ಅಳಿಸಿದ, ಹೆಜ್ಜೆ ಚಿಕ್ಕದು ಮಾಡಿದ. ಗೆರೆ ನಯವಾಗಿ ಇಳಿಯಿತು. ಅದರ ಮೇಲೆ ಲ್ಯಾಬ್‌ನ ಅಳತೆಗಳನ್ನು ಚುಕ್ಕಿಯಾಗಿ ಇಟ್ಟು ನೋಡಿದೆವು. ಮೊದಲ ಅರ್ಧ ಗಂಟೆ ಗೆರೆಯ ಮೇಲೇ ಕೂತವು. ಆಮೇಲೆ ಚುಕ್ಕಿಗಳೆಲ್ಲ ಗೆರೆಗಿಂತ ಮೇಲೆ. ಔಷಧಿ ರಕ್ತದಿಂದ ಅಂಗಾಂಶಕ್ಕೆ ಹೋಗಿ ನಿಧಾನಕ್ಕೆ ವಾಪಸ್ ಬರುತ್ತಿರಬೇಕು. ಮಾಡೆಲ್‌ನಲ್ಲಿ ರಕ್ತ ಒಂದು ಡಬ್ಬಿ, ಅಂಗಾಂಶಕ್ಕೆ ಎರಡನೇ ಡಬ್ಬಿ ಸೇರಿಸೋಣ ಅಂತ ಕುರ್ಚಿ ಎಳೆದುಕೊಂಡು ಕೂತೆವು.