ಡಿರಿಜಿಬಲ್‌ನಲ್ಲಿ ರಿಜಿಡ್ ಇಲ್ಲ

ಮೊನ್ನೆ ಮತ್ತೆ ಒಂದು ಕಡೆ ಓದಿದೆ: ಗಟ್ಟಿ ಚೌಕಟ್ಟು ಇರುವುದರಿಂದ, ಎಂಜಿನ್ ಕಟ್ಟಿದ ಉದ್ದನೆಯ ಹಾರುವ ಬಲೂನಿಗೆ ಡಿರಿಜಿಬಲ್ ಎಂದು ಹೆಸರಂತೆ. ಪಕ್ಕದ ಚಿತ್ರವೋ, ಬುಟ್ಟಿ ಕಟ್ಟಿದ ದುಂಡನೆಯ ಬಿಸಿಗಾಳಿ ಬಲೂನಿನದು. ಒಂದೇ ಏಟಿಗೆ ಎರಡು ತಪ್ಪು.

ಗಟ್ಟಿ ಎಂಬರ್ಥದ ಇಂಗ್ಲಿಷಿನ ರಿಜಿಡ್ ಕಿವಿಗೆ ಕೇಳಿಸುತ್ತದೆ, ಪದದಲ್ಲಿಲ್ಲ. ಫ್ರೆಂಚಿನಲ್ಲಿ ‘ದಿರಿಜೇ’ ಎಂದರೆ ನಡೆಸು, ದಿಕ್ಕು ಕೊಡು. ‘ಬಲ್ಲೋನ್ ದಿರಿಜಾಬ್ಲ್’ ಎಂದರೆ ಬೇಕಾದತ್ತ ನಡೆಸಬಹುದಾದ ಬಲೂನು. ಮೊಬೈಲ್ ಫೋನ್ ನಮ್ಮ ಬಾಯಲ್ಲಿ ಬರೀ ಮೊಬೈಲ್ ಆದ ಹಾಗೆ ಅಲ್ಲೂ ಬಲೂನು ಉದುರಿ ವಿಶೇಷಣವೇ ಹೆಸರಾಯಿತು. ಹಿಂದಿರುವುದು ಲ್ಯಾಟಿನ್ನಿನ ‘ದಿರಿಗೆರೆ’. ಡೈರೆಕ್ಷನ್, ಡೈರೆಕ್ಟರ್ ಬಂದದ್ದೂ ಅಲ್ಲಿಂದಲೇ. ಸಿನಿಮಾ ಡೈರೆಕ್ಟರ್ ಎಂದರೆ ಗಟ್ಟಿ ಆಸಾಮಿ ಎಂದು ಯಾರೂ ಅರ್ಥ ಹೇಳುವುದಿಲ್ಲವಲ್ಲ! ರಿಜಿಡ್ ಬಂದದ್ದು ಸೆಟೆದುಕೊಳ್ಳುವ ‘ರಿಗೆರೆ’ಯಿಂದ.

‘ನಡೆಸಬಹುದಾದ’ ಎಂದು ಒತ್ತಿ ಹೇಳಬೇಕಾಗಿದ್ದೇಕೆ? ಮಾಂಗೋಲ್ಫಿಯೆ ಸಹೋದರರ ಬಿಸಿಗಾಳಿ ಬಲೂನು 1783ರ ನವೆಂಬರ್ 21ರಂದು ಪ್ಯಾರಿಸ್‌ನಲ್ಲಿ ಇಬ್ಬರನ್ನು ಹೊತ್ತು ಹಾರಿತು. ಹತ್ತುವುದು, ಇಳಿಯುವುದು ಕೈಗೆ ಬಂತು. ಹೋಗುವುದು ಮಾತ್ರ ಗಾಳಿ ಒಯ್ದ ಕಡೆಗೆ. 1785ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದ ಬ್ಲಾಂಷಾರ್ ಹೈಡ್ರೋಜನ್ ಬಲೂನಿಗೆ ದೋಣಿಯ ಹಾಗೆ ಹುಟ್ಟುಗಳನ್ನು ಕಟ್ಟಿಕೊಂಡು ಹೊರಟಿದ್ದ. ಕೊನೆಗೆ ಭಾರ ಇಳಿಸಲು ಅವನ್ನೂ ಮೈಮೇಲಿನ ಬಟ್ಟೆಯನ್ನೂ ಎಸೆಯಬೇಕಾಯಿತು. ಗಾಳಿಯ ವೇಗದಲ್ಲೇ ತೇಲುವ ಬಲೂನಿನಲ್ಲಿ ಗಾಳಿ ಮುಖಕ್ಕೆ ತಾಗುವುದೇ ಇಲ್ಲ. ಬಾವುಟ ಕಟ್ಟಿದರೂ ಜೋತುಬೀಳುತ್ತದೆ. ಅಂಥಲ್ಲಿ ಚುಕ್ಕಾಣಿ ಬರೀ ಹಲಗೆ. ಬಲೂನಿಗೆ ಸ್ವಂತ ಓಟ ಬೇಕು.

ಅದನ್ನು ಕೊಟ್ಟವನು ಫ್ರೆಂಚ್ ಎಂಜಿನಿಯರ್ ಆನ್ರಿ ಜಿಫಾರ್. 1852ರ ಸೆಪ್ಟೆಂಬರ್ 24ರಂದು 44 ಮೀಟರ್ ಉದ್ದದ ಚೀಲದ ಕೆಳಗೆ 3 ಅಶ್ವಶಕ್ತಿಯ ಉಗಿ ಎಂಜಿನ್ ತೂಗುಹಾಕಿ, ಕಿಡಿ ಮೇಲೆ ಹಾರದಂತೆ ಹೊಗೆಕೊಳವೆಯ ಬಾಯನ್ನು ಕೆಳಮುಖ ಮಾಡಿ, ಪ್ಯಾರಿಸ್‌ನಿಂದ 27 ಕಿ.ಮೀ. ಹೋದ. ಎದುರುಗಾಳಿಗೆ ವಾಪಸು ಬರಲಾಗಲಿಲ್ಲ. ಹೊರಟಲ್ಲಿಗೇ ಮರಳಿದ್ದು 1884ರ ಆಗಸ್ಟ್ 9ರಂದು, ರೆನಾರ್ ಮತ್ತು ಕ್ರೆಬ್ಸ್ ನಡೆಸಿದ ‘ಲಾ ಫ್ರಾನ್ಸ್’: ವಿದ್ಯುತ್ ಮೋಟಾರ್, 8 ಕಿ.ಮೀ., 23 ನಿಮಿಷ.

ಇವೆರಡರಲ್ಲೂ ಚೀಲದೊಳಗೆ ಗಟ್ಟಿ ಚೌಕಟ್ಟಿರಲಿಲ್ಲ. ಅದಿದ್ದ ಜರ್ಮನಿಯ ಮೊದಲ ಜೆಪ್ಪೆಲಿನ್ ಹಾರಿದ್ದೇ 1900ರಲ್ಲಿ. ಜೆಪ್ಪೆಲಿನ್‌ಗಳೆಲ್ಲ ಡಿರಿಜಿಬಲ್‌ಗಳೇ, ಡಿರಿಜಿಬಲ್‌ಗಳೆಲ್ಲ ಜೆಪ್ಪೆಲಿನ್ ಅಲ್ಲ. ಕನ್ನಡದಲ್ಲಿ ಬರೆಯುವವರು ವಾಯುನೌಕೆ ಎಂದುಬಿಟ್ಟರೆ ಈ ರಗಳೆಯೇ ಇಲ್ಲ. ನೌಕೆ ಎಂದ ಮೇಲೆ ಚುಕ್ಕಾಣಿ ಇದ್ದೇ ಇರುತ್ತದೆ.